ಕ್ಲಚ್ ಬಿಟ್ಟಾಗ ಕುಣಿಯುವ ಆಕ್ಸಲ್: ಡ್ರ್ಯಾಗ್ ಓಟಕ್ಕಿಳಿದ ಅಂಬಾಸಡರ್ ಕಾರೊಂದರ ಪ್ರಕರಣ ಅಧ್ಯಯನ

ತುಮಕೂರಿನ ಹೊರವಲಯದ ಗ್ಯಾರೇಜೊಂದಕ್ಕೆ ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬಂದ ಅಂಬಾಸಡರ್ ಕಾರಿನ ದೂರು ಸರಳವಾಗಿತ್ತು: ಓಟ ಶುರುವಾಗುವ ಗೆರೆಯ ಮೇಲೆ ನಿಲ್ಲಿಸಿ ಕ್ಲಚ್ ಬಿಟ್ಟ ಕೂಡಲೇ ಗಾಡಿಯ ಹಿಂಭಾಗ ಧಡಧಡನೆ ಕುಣಿಯುತ್ತದೆ, ಚಕ್ರ ಸುಮ್ಮನೆ ಸುತ್ತುತ್ತದೆ, ಗಾಡಿ ಮುಂದಕ್ಕೆ ಹೋಗಲು ಮನಸ್ಸು ಮಾಡುವುದಿಲ್ಲ. ಮಾಲೀಕರು ತೆಂಗಿನಕಾಯಿ ವ್ಯಾಪಾರದ ಮನೆತನದ ಯುವಕ. ಕಾರು ಅವರ ತಂದೆ ಓಡಿಸುತ್ತಿದ್ದ, 1,817 ಸಿಸಿಯ ಇಸುಜು ಪೆಟ್ರೋಲ್ ಎಂಜಿನ್ ಇರುವ ಗಾಡಿ. ಎಂಜಿನ್ನಿನ ಮೇಲೆ ಆಗಲೇ ಸಾಕಷ್ಟು ಹಣ ಸುರಿದಾಗಿತ್ತು. ಡ್ರ್ಯಾಗ್ ಓಟವೆಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ನಿಗದಿತ ದೂರವನ್ನು ಬೇಗ ಮುಗಿಸುವ ಸ್ಪರ್ಧೆ. ಹಳೆಯ ಕಾರುಗಳ ವಿಭಾಗದಲ್ಲಿ 402 ಮೀಟರ್ ಓಟಕ್ಕೆ ಇಳಿದಾಗ 19.4 ಸೆಕೆಂಡ್ ಬಂದಿತ್ತು, ಅದರಲ್ಲಿ ಬಹುಪಾಲು ನಷ್ಟ ಆರಂಭದ ಕೆಲವೇ ಮೀಟರುಗಳಲ್ಲಿ ಆಗುತ್ತಿತ್ತು. ಈ ಕೆಲಸದಲ್ಲಿ ಅಳತೆ ಮತ್ತು ಲೆಕ್ಕದ ಭಾಗವನ್ನು ನಾನು ನೋಡಿಕೊಂಡೆ. ಕೈಕೆಲಸವೆಲ್ಲ ಗ್ಯಾರೇಜಿನವರದು ಮತ್ತು ಒಬ್ಬ ಹಿರಿಯ ಸ್ಪ್ರಿಂಗ್ ಮೇಸ್ತ್ರಿಯದು.

ಅಂಬಾಸಡರ್‌ನ ಹಿಂಭಾಗದ ರಚನೆ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯಿಂದ ಬಂದದ್ದು. ಉತ್ತರಪಾರಾ ಕಾರ್ಖಾನೆಯಲ್ಲಿ 2014ರ ಮೇ ತಿಂಗಳಲ್ಲಿ ತಯಾರಿಕೆ ನಿಲ್ಲುವವರೆಗೂ ಅದರ ಮೂಲ ವಿನ್ಯಾಸ ಬದಲಾಗಲಿಲ್ಲ. ಒಂದೇ ಗಟ್ಟಿ ಹೌಸಿಂಗ್ (ಆಕ್ಸಲನ್ನು ಒಳಗೊಂಡ ಕವಚ), ಅದರ ಎರಡು ತುದಿಗೆ ಚಕ್ರಗಳು, ಎರಡೂ ಬದಿಗೆ ಪ್ಲೇಟ್ ಸ್ಪ್ರಿಂಗ್ ಕಟ್ಟು, ಕಟ್ಟಿನ ಮುಂದಿನ ಕಣ್ಣು (ತುದಿಯ ಸುರುಳಿ ರಂಧ್ರ) ಗಾಡಿಯ ಬಾಡಿಯ ಜೊತೆ ನೇರವಾಗಿ ಮತ್ತು ಹಿಂದಿನ ಕಣ್ಣು ಶ್ಯಾಕಲ್ ಎಂಬ ಅಲ್ಲಾಡುವ ಕೊಂಡಿಯ ಮೂಲಕ ಜೋಡಣೆ. ಇಲ್ಲಿ ಪ್ಲೇಟ್ ಕಟ್ಟಿಗೆ ಒಂದಲ್ಲ, ಮೂರು ಕೆಲಸ: ಭಾರ ಹೊರುವುದು, ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವುದು, ಮತ್ತು ಚಕ್ರ ತಿರುಗಿಸುವಾಗ ಹುಟ್ಟುವ ಎದುರು ತಿರುಚನ್ನು ತಡೆಯುವುದು. ಮೊದಲೆರಡನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಮೂರನೆಯದಕ್ಕೆ ಅದನ್ನು ಮಾಡಿದ್ದೇ ಅಲ್ಲ ಎನ್ನಬಹುದು.

ಅಳತೆ ಎಲ್ಲಿಂದ ಆರಂಭವಾಯಿತು

ರಸ್ತೆಯ ಮೇಲೆ ಪರೀಕ್ಷೆ ಮಾಡುವ ಮಾತನ್ನು ಮೊದಲ ದಿನವೇ ಬದಿಗಿಟ್ಟೆವು. ಸಾರ್ವಜನಿಕ ರಸ್ತೆಯಲ್ಲಿ ವೇಗದ ಸ್ಪರ್ಧೆ ಅಥವಾ ವೇಗದ ಪರೀಕ್ಷೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಬಾರಿಗೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ಮುಖ್ಯವಾಗಿ, ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳ ನಡುವೆ ಇಂಥ ಆಟ ಆಡುವವರ ಗಾಡಿಗೆ ಕೈ ಹಾಕುವುದಿಲ್ಲ ಎಂಬುದು ಆ ಗ್ಯಾರೇಜಿನ ನಿಯಮ. ಹಿರೇಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ನಿಂತಿದ್ದ ಒಂದು ಘಟಕದ ಕಾಂಕ್ರೀಟ್ ಅಂಗಳವನ್ನು ಅದರ ಮಾಲೀಕರು ಭಾನುವಾರಗಳಂದು ಬಿಟ್ಟುಕೊಟ್ಟರು. ಉದ್ದ ಸುಮಾರು 120 ಮೀಟರ್ ಮಾತ್ರ. ಆದರೆ ನಮಗೆ ಬೇಕಿದ್ದದ್ದು ಮೊದಲ 60 ಅಡಿ, ಅಂದರೆ 18.3 ಮೀಟರ್. ಡ್ರ್ಯಾಗ್ ಓಟದಲ್ಲಿ ಹಿಂಭಾಗದ ಸಸ್ಪೆನ್ಷನ್ನಿನ ಯೋಗ್ಯತೆ ತಿಳಿಯುವುದು ಈ ದೂರದ ಸಮಯದಿಂದ. ಇಲ್ಲಿ ಉಳಿಸಿದ ಸಮಯ ಓಟದ ಕೊನೆಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಪಟ್ಟಾಗಿ ಮರಳಿ ಸಿಗುತ್ತದೆ. ಗೆರೆಯಲ್ಲೊಂದು, 18.3 ಮೀಟರಿನಲ್ಲೊಂದು ಬೆಳಕಿನ ಗೇಟ್ ಇಟ್ಟು ಸಮಯ ಅಳೆದೆವು, ಮತ್ತು ಹಿಂದಿನ ಚಕ್ರದ ಪಕ್ಕದಲ್ಲಿ ನೆಲಕ್ಕೆ ಮೊಬೈಲ್ ಇಟ್ಟು ಸೆಕೆಂಡಿಗೆ 240 ಚೌಕಟ್ಟಿನ ನಿಧಾನಗತಿಯ ವಿಡಿಯೊ ತೆಗೆದೆವು.

ಐದು ಓಟಗಳ ಸರಾಸರಿ 3.31 ಸೆಕೆಂಡ್ ಬಂತು. ನನಗೆ ಸರಾಸರಿಗಿಂತ ಹೆಚ್ಚು ತೊಂದರೆ ಕೊಟ್ಟದ್ದು ಅದರ ಹರಹು: ಅತಿ ಒಳ್ಳೆಯದು 3.22, ಅತಿ ಕೆಟ್ಟದ್ದು 3.45. ಒಬ್ಬನೇ ಚಾಲಕ, ಒಂದೇ ಅಂಗಳ, ಒಂದೇ ಬೆಳಗ್ಗೆ. ಆದರೂ ಇಷ್ಟು ಅಂತರ ಬಂದರೆ ಗಾಡಿ ಹಿಡಿತಕ್ಕೆ ಸಿಕ್ಕಿಲ್ಲ ಎಂದೇ ಅರ್ಥ.

ಬಟವಾಡಿಯ ಎಪಿಎಂಸಿ ಕಡೆಯ ವೇಬ್ರಿಡ್ಜ್‌ನಲ್ಲಿ, ಹುಣಸೆಹಣ್ಣಿನ ಲಾರಿಗಳ ಸರದಿಯ ನಡುವೆ ನಿಂತು, ಚಾಲಕನನ್ನು ಕೂರಿಸಿಯೇ ತೂಕ ಹಾಕಿಸಿದೆವು. ಮೊದಲು ಇಡೀ ಗಾಡಿ, ಆಮೇಲೆ ಮುಂದಿನ ಚಕ್ರಗಳಷ್ಟೇ ಹಾಸಿನ ಮೇಲೆ, ಆಮೇಲೆ ಹಿಂದಿನವಷ್ಟೇ. ಒಟ್ಟು 1,210 ಕೆಜಿ, ಮುಂದೆ 680, ಹಿಂದೆ 530. ನೂರಕ್ಕೆ 44ಕ್ಕೂ ಕಡಿಮೆ ಭಾರ ತಳ್ಳುವ ಚಕ್ರಗಳ ಮೇಲೆ. ವೇಬ್ರಿಡ್ಜ್ ಐದು ಕೆಜಿಗಿಂತ ಸೂಕ್ಷ್ಮವಾಗಿ ತೋರಿಸುವುದಿಲ್ಲ, ಆದರೆ ಈ ಕೆಲಸಕ್ಕೆ ಅಷ್ಟು ಸಾಕು. ಅಲ್ಲಿದ್ದವರು ಖಾಲಿ ಕಾರಿಗೆ ಮೂರು ಸಲ ಚೀಟಿ ಬರೆಸಿದ್ದನ್ನು ಕಂಡು ಯಾವುದೋ ಸಾಲದ ತಕರಾರು ಇರಬೇಕೆಂದುಕೊಂಡರು.

ಮೊದಲ ಮದ್ದು, ಅದು ತಪ್ಪಾದ ಬಗೆ

ಗ್ಯಾರೇಜಿನಲ್ಲಿ ಎಲ್ಲರೂ ಒಪ್ಪಿದ್ದ ಮದ್ದೆಂದರೆ ಎರಡೂ ಕಡೆ ಒಂದೊಂದು ಪ್ಲೇಟ್ ಹೆಚ್ಚು ಸೇರಿಸುವುದು. ಹಿಂಭಾಗ ಕೂರುತ್ತಿದೆ, ಕುಣಿಯುತ್ತಿದೆ, ಆದ್ದರಿಂದ ಗಟ್ಟಿ ಮಾಡಬೇಕು ಎಂಬ ತರ್ಕ. ನಾನೂ ಬಲವಾಗಿ ವಿರೋಧಿಸಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಪ್ಲೇಟ್ ಸೇರಿಸಿದ ಮೇಲೆ ಹಿಂಭಾಗ 30 ಮಿಲಿಮೀಟರ್ ಎತ್ತರವಾಯಿತು, ಕುಣಿತದ ಸದ್ದು ಸ್ವಲ್ಪ ಕಡಿಮೆಯಾಯಿತು, ಸಮಯ ಮಾತ್ರ ಇನ್ನೂ ಕೆಟ್ಟು 3.36ಕ್ಕೆ ಏರಿತು. ಕಾಂಕ್ರೀಟ್ ಹಾಸುಗಳ ಸಂದು ಸಿಕ್ಕಲ್ಲೆಲ್ಲ ಟೈರ್ ನೆಲ ಬಿಟ್ಟು ಹಾರುತ್ತಿತ್ತು.

ಈ ತಪ್ಪಿನ ಹಿಂದೆ ಒಂದು ಸಾಮಾನ್ಯ ಭ್ರಮೆ ಇದೆ. ಅದರ ಇನ್ನೊಂದು ಮುಖವೂ ಅಷ್ಟೇ ಜನಪ್ರಿಯ. ಕೆಲವರು ಹಿಂಭಾಗ ಗಟ್ಟಿಯಾದರೆ ಹಿಡಿತ ಬರುತ್ತದೆ ಎನ್ನುತ್ತಾರೆ, ಕೆಲವರು ಹಿಂಭಾಗ ಚೆನ್ನಾಗಿ ಕೂತರೆ ಭಾರವೆಲ್ಲ ಹಿಂದಕ್ಕೆ ಬಂದು ಹಿಡಿತ ಹೆಚ್ಚುತ್ತದೆ ಎನ್ನುತ್ತಾರೆ. ವಾಸ್ತವದಲ್ಲಿ ಮುಂದಿನಿಂದ ಹಿಂದಕ್ಕೆ ಸರಿಯುವ ಭಾರ ನಿರ್ಧಾರವಾಗುವುದು ಗಾಡಿಯ ತೂಕ, ಅದರ ವೇಗವರ್ಧನೆ, ಗುರುತ್ವ ಕೇಂದ್ರದ ಎತ್ತರ ಮತ್ತು ಚಕ್ರಾಂತರ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) ಎಂಬ ನಾಲ್ಕು ಸಂಗತಿಗಳಿಂದ. ಅಂಬಾಸಡರ್‌ನ ಚಕ್ರಾಂತರ ಸುಮಾರು 2.46 ಮೀಟರ್, ಗುರುತ್ವ ಕೇಂದ್ರವನ್ನು ಅಂದಾಜು 0.58 ಮೀಟರ್ ಎತ್ತರದಲ್ಲಿ ಹಿಡಿದು, ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 4 ಮೀಟರಿನಷ್ಟು ಏರುತ್ತಿದೆ ಎಂದುಕೊಂಡರೆ, ಹಿಂದಕ್ಕೆ ಸರಿಯುವುದು ಹೆಚ್ಚುಕಡಿಮೆ 115 ಕೆಜಿ. ಸ್ಪ್ರಿಂಗ್ ಮೆತ್ತಗಿರಲಿ, ಗಟ್ಟಿಯಿರಲಿ, ಈ 115 ಕೆಜಿ ಹೆಚ್ಚಾಗುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಹಿಂಭಾಗ ಕೂರುವುದು ಭಾರ ಬಂದದ್ದರ ಗುರುತೇ ಹೊರತು ಭಾರ ತರುವ ಉಪಾಯವಲ್ಲ. ಸಸ್ಪೆನ್ಷನ್ನಿನಿಂದ ಆಗುವ ಕೆಲಸ ಬೇರೆ: ಆ ಭಾರ ಎಷ್ಟು ಬೇಗ ಟೈರಿಗೆ ತಲುಪುತ್ತದೆ, ತಲುಪಿದ ಮೇಲೆ ಅದುರದೆ ನಿಲ್ಲುತ್ತದೆಯೇ, ಎಡಬಲ ಚಕ್ರಗಳಿಗೆ ಸಮನಾಗಿ ಹಂಚಿಕೆಯಾಗುತ್ತದೆಯೇ ಎಂಬುದನ್ನು ಅದು ತೀರ್ಮಾನಿಸುತ್ತದೆ.

ಹೊಸ ಪ್ಲೇಟ್ ತೆಗೆಸಲು ಅಂತರಸನಹಳ್ಳಿ ಕಡೆಯ ಸ್ಪ್ರಿಂಗ್ ಮೇಸ್ತ್ರಿಯ ಬಳಿ ಹೋದಾಗ ಪ್ರಕರಣ ತಿರುವು ಪಡೆಯಿತು. ನಲವತ್ತು ವರ್ಷ ಲಾರಿ ಸ್ಪ್ರಿಂಗ್ ಕಟ್ಟಿದ ಅವರಿಗೆ ಡ್ರ್ಯಾಗ್ ಓಟವೆಂದರೇನೆಂದು ಗೊತ್ತಿರಲಿಲ್ಲ. ವಿಡಿಯೊ ತೋರಿಸಿದೆ. ಎರಡು ಸಲ ನೋಡಿ, ಬೆರಳಿನಿಂದ ಹೌಸಿಂಗಿನ ಮೂತಿಯನ್ನು ತೋರಿಸುತ್ತ ಹೇಳಿದರು: "ಸಾರ್, ಇದು ಕೂರ್ತಾ ಇಲ್ಲ, ತಿರುಚ್ಕೊಳ್ತಾ ಇದೆ. ಲೋಡ್ ಲಾರಿ ಏರು ಹತ್ತುವಾಗ ಹೌಸಿಂಗ್ ಹಿಂಗೇ ಮೂತಿ ಎತ್ತುತ್ತೆ. ಯು ಬೋಲ್ಟ್ ಸಡಿಲ ಇದ್ರೆ ಸೆಂಟರ್ ಬೋಲ್ಟ್ ಕಟ್ಟಾಗೋದು ಅದಕ್ಕೇ. ನೀವು ಮೇಲಿಂದ ಗಟ್ಟಿ ಮಾಡಿದ್ದೀರಿ, ಗಟ್ಟಿ ಆಗಬೇಕಾದ್ದು ಮುಂದಿನ ಅರ್ಧ ಮಾತ್ರ."

ಅವರು ಹೇಳಿದ್ದನ್ನು ಚೌಕಟ್ಟು ಚೌಕಟ್ಟಾಗಿ ನೋಡಿದಾಗ ಸ್ಪಷ್ಟವಾಯಿತು. ಚಕ್ರ ಮುಂದಕ್ಕೆ ತಿರುಗುವಾಗ ಹೌಸಿಂಗ್ ಹಿಂದಕ್ಕೆ ತಿರುಗಲು ಹವಣಿಸುತ್ತದೆ, ಪಿನಿಯನ್ (ಎಂಜಿನ್ನಿನ ತಿರುಚನ್ನು ಆಕ್ಸಲಿಗೆ ದಾಟಿಸುವ ಸಣ್ಣ ಗೇರು) ಇರುವ ಮೂತಿ ಮೇಲೇಳುತ್ತದೆ. ಪ್ಲೇಟ್ ಕಟ್ಟಿನ ಮುಂದಿನ ಅರ್ಧ ಮೇಲಕ್ಕೂ ಹಿಂದಿನ ಅರ್ಧ ಕೆಳಕ್ಕೂ ಬಾಗಿ, ಇಡೀ ಕಟ್ಟು ಹಾವು ಹರಿದಂತೆ ಸೊಟ್ಟಗಾಗುತ್ತದೆ. ಹೀಗೆ ಬಿಗಿದುಕೊಂಡ ಶಕ್ತಿ ಟೈರಿನ ಹಿಡಿತವನ್ನು ಮೀರಿದ ಕ್ಷಣದಲ್ಲಿ ಟೈರ್ ಜಾರುತ್ತದೆ, ಕಟ್ಟು ಥಟ್ಟನೆ ಹಿಂದಕ್ಕೆ ಸಿಡಿಯುತ್ತದೆ, ಟೈರ್ ಮತ್ತೆ ನೆಲ ಕಚ್ಚುತ್ತದೆ, ಮತ್ತೆ ತಿರುಚು ಶುರು. ಒಂದು ಸುತ್ತಿಗೆ ಸುಮಾರು 22 ಚೌಕಟ್ಟುಗಳು, ಅಂದರೆ ಸೆಕೆಂಡಿಗೆ ಹನ್ನೊಂದು ಸಲ. ಕುಣಿತವೆಂದು ನಾವು ಕರೆಯುತ್ತಿದ್ದದ್ದು ಇದನ್ನೇ.

ಇದು ನಮ್ಮ ಹಳೆಯ ಗಾಡಿಯೊಂದರ ದೋಷವಲ್ಲ. ಅಮೆರಿಕದಲ್ಲಿ 1967ರ ಷೆವ್ರೊಲೆ ಕಮಾರೊ ಒಂದೇ ಪ್ಲೇಟಿನ ಸ್ಪ್ರಿಂಗ್‌ನೊಂದಿಗೆ ಹೊರಬಂದಾಗ ಇದೇ ಕುಣಿತ ಕಾಣಿಸಿಕೊಂಡು, ಬಲವಾದ ಎಂಜಿನ್ನಿನ ಮಾದರಿಗಳ ಬಲಬದಿಗೆ ಒಂದು ತಡೆಸರಳು ಹಾಕಬೇಕಾಯಿತು. 1968ರಲ್ಲಿ ಒಂದು ಶಾಕ್ ಅಬ್ಸಾರ್ಬರನ್ನು ಆಕ್ಸಲಿನ ಮುಂದೆ, ಇನ್ನೊಂದನ್ನು ಹಿಂದೆ ಕೂರಿಸಿ ತಿರುಚಿಗೆ ಅಡ್ಡಿಯೊಡ್ಡಿದರು. ಕ್ರೈಸ್ಲರ್ ಕಂಪನಿಯವರು ಡ್ರ್ಯಾಗ್ ಓಟಕ್ಕೆಂದು ಮಾಡಿದ ಸೂಪರ್ ಸ್ಟಾಕ್ ಸ್ಪ್ರಿಂಗುಗಳಲ್ಲಿ ಮುಂದಿನ ಅರ್ಧ ಗಿಡ್ಡ ಮತ್ತು ಗಟ್ಟಿ, ಹಿಂದಿನ ಅರ್ಧ ಮೆತ್ತಗೆ, ಜೊತೆಗೆ ಬಲಗಡೆಯ ಕಟ್ಟಿಗೆ ಹೆಚ್ಚಿನ ಪ್ಲೇಟ್. ಮೇಸ್ತ್ರಿಯವರ ಮಾತು ಆ ವಿನ್ಯಾಸವನ್ನೇ ಹೇಳುತ್ತಿತ್ತು. ಬಲಗಡೆಗೆ ಏಕೆ ಹೆಚ್ಚು ಎಂಬ ಪ್ರಶ್ನೆ ಮುಂದೆ ನಮಗೂ ಎದುರಾಯಿತು.

ತಿರುಚನ್ನು ಹಿಡಿದದ್ದು

ಹೊಸ ಭಾಗ ಹಾಕುವ ಮುನ್ನ ಹಳೆಯದನ್ನು ಸರಿಪಡಿಸಿದೆವು. ಮುಂದಿನ ಕಣ್ಣಿನ ರಬ್ಬರ್ ಬುಷ್‌ಗಳು ಸವೆದು ಅಂಡಾಕಾರವಾಗಿದ್ದವು, ಪ್ಲೇಟ್ ಕಟ್ಟನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್‌ಗಳಲ್ಲಿ ಬಲಗಡೆಯ ಎರಡು ಕೈಯಲ್ಲೇ ಅಲ್ಲಾಡುವಷ್ಟು ಸಡಿಲವಿದ್ದವು, ಹಿಂದಿನ ಶಾಕ್ ಅಬ್ಸಾರ್ಬರುಗಳಲ್ಲಿ ಒಂದು ಸೋರಿ ಖಾಲಿಯಾಗಿತ್ತು. ಇವಿಷ್ಟನ್ನು ಬದಲಿಸಿ, ಹೆಚ್ಚಿನ ಪ್ಲೇಟ್ ತೆಗೆದಾಗಲೇ ಸಮಯ 3.24ಕ್ಕೆ ಬಂತು. ಇಷ್ಟು ಮಾಡದೆ ಎಂಜಿನ್ನಿಗೆ ಹಣ ಹಾಕಿದ್ದು ಮಾಲೀಕರಿಗೆ ಆಗ ನೋವಾಯಿತು.

ಟೈರ್ ಗಾಳಿಯನ್ನು 28 ಪಿಎಸ್‌ಐನಿಂದ 22ಕ್ಕೆ ಇಳಿಸಿದಾಗ 3.19. ಅದಕ್ಕಿಂತ ಕೆಳಗೆ ಇಳಿಸಲು ನಾನು ಬಿಡಲಿಲ್ಲ. ಇದು ಟ್ಯೂಬ್ ಇರುವ ಟೈರ್. ಗಾಳಿ ತೀರಾ ಕಡಿಮೆಯಾದರೆ ಜೋರಾದ ಎಳೆತಕ್ಕೆ ಟೈರ್ ರಿಮ್ಮಿನ ಮೇಲೆಯೇ ಜಾರಿ, ಜೊತೆಗೆ ಟ್ಯೂಬನ್ನು ಎಳೆದು, ವಾಲ್ವ್ ಬುಡದಲ್ಲಿ ಹರಿಯುತ್ತದೆ. ಟೈರಿಗೂ ರಿಮ್ಮಿಗೂ ಸೇರಿಸಿ ಸುಣ್ಣದ ಗೆರೆ ಎಳೆದು ಪ್ರತಿ ಓಟದ ನಂತರ ನೋಡುತ್ತಿದ್ದೆವು. 22ರಲ್ಲಿ ಗೆರೆ ಮುರಿಯಲಿಲ್ಲ.

ಆಮೇಲೆ ಮೇಸ್ತ್ರಿಯವರ ಕೆಲಸ. ಪ್ಲೇಟ್‌ಗಳನ್ನು ಒಟ್ಟಿಗೆ ಹಿಡಿಯುವ ಕ್ಲಿಪ್ಪುಗಳಲ್ಲಿ ಹಿಂದಿನ ಅರ್ಧದವನ್ನು ಸಡಿಲಿಸಿ, ಮುಂದಿನ ಅರ್ಧಕ್ಕೆ ಎರಡೆರಡು ಬಿಗಿಯಾದ ಕ್ಲಿಪ್ಪು ಸೇರಿಸಿದರು. ಇದರಿಂದ ಮುಂದಿನ ಅರ್ಧ ಒಂದೇ ದಪ್ಪ ತೊಲೆಯಂತೆ ತಿರುಚಿಗೆ ಎದುರು ನಿಲ್ಲುತ್ತದೆ, ಹಿಂದಿನ ಅರ್ಧ ನೆಲದ ಉಬ್ಬುತಗ್ಗಿಗೆ ಬಾಗುವ ಸ್ವಾತಂತ್ರ್ಯ ಉಳಿಸಿಕೊಳ್ಳುತ್ತದೆ. ಜೊತೆಗೆ ಹೌಸಿಂಗಿನ ಕೂರುವ ಜಾಗಕ್ಕೆ ವೆಡ್ಜ್ ಪ್ಲೇಟ್ (ಬೆಣೆಯಾಕಾರದ ತುಂಡು) ಕೊಟ್ಟು ಪಿನಿಯನ್ ಮೂತಿಯನ್ನು ಕೆಳಗೆ ಬಾಗಿಸಿದೆವು. ಮೊದಲು ನಿಂತಲ್ಲಿಯೇ ಮೂತಿ, ಎಂಜಿನ್ನಿನ ತಿರುಚನ್ನು ಹಿಂದಿನ ಆಕ್ಸಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ನೇರಕ್ಕಿಂತ ಒಂದು ಡಿಗ್ರಿ ಮೇಲಿತ್ತು, ಎಳೆತದಲ್ಲಿ ಇನ್ನೂ ಆರೇಳು ಡಿಗ್ರಿ ಏಳುತ್ತಿತ್ತು. ಈಗ ನಿಂತಾಗ ನಾಲ್ಕು ಡಿಗ್ರಿ ಕೆಳಗೆ ಇಟ್ಟರೆ ಎಳೆತದಲ್ಲಿ ಹೆಚ್ಚುಕಡಿಮೆ ನೇರಕ್ಕೆ ಬರುತ್ತದೆ, ಜಾಯಿಂಟ್‌ನ ಕೋನ ಸಣ್ಣದಾಗುತ್ತದೆ. ದಿನನಿತ್ಯ ಓಡಿಸುವ ಗಾಡಿಗೆ ಈ ಕೋನ ಒಳ್ಳೆಯದಲ್ಲ, ಸಮವೇಗದಲ್ಲಿ ಶಾಫ್ಟ್ ನಡುಗುತ್ತದೆ. ಈ ಕಾರು ಸ್ಪರ್ಧೆಗೆ ಹೋಗಿಬರುವುದು ಟ್ರೇಲರ್ ಮೇಲೆ, ಆದ್ದರಿಂದ ಒಪ್ಪಿದೆವು. ಸಮಯ 3.12. ವಿಡಿಯೊದಲ್ಲಿ ಕುಣಿತ ಮೊದಲ ಎರಡು ಸುತ್ತಿಗೇ ಅಡಗಿತು.

ಉಳಿದ ತಿರುಚಿಗೆ ಟ್ರ್ಯಾಕ್ಷನ್ ಬಾರ್ ಮಾಡಿಸಿದೆವು: 40 ಮಿಲಿಮೀಟರ್ ಚೌಕದ, ನಾಲ್ಕು ಮಿಲಿಮೀಟರ್ ದಪ್ಪದ ಕೊಳವೆ, ಹಿಂದಿನ ತುದಿ ಯು ಬೋಲ್ಟ್ ಪ್ಲೇಟಿಗೆ ಗಟ್ಟಿಯಾಗಿ ಬಿಗಿದದ್ದು, ಮುಂದಿನ ತುದಿಯಲ್ಲಿ ಸ್ಪ್ರಿಂಗ್ ಕಣ್ಣಿನ ಕೆಳಗೆ ರಬ್ಬರ್ ಗುಂಡು. ಹೌಸಿಂಗ್ ಮೂತಿ ಎತ್ತಲು ಹೋದಾಗ ಈ ಸರಳು ಮೇಲೆದ್ದು ಕಣ್ಣಿಗೆ ಒತ್ತುತ್ತದೆ. ಅದು ಬಾಡಿಯನ್ನು ಮೇಲಕ್ಕೆ ತಳ್ಳಿದಷ್ಟೇ ಬಲದಲ್ಲಿ ಟೈರನ್ನು ನೆಲಕ್ಕೆ ಒತ್ತುತ್ತದೆ. ನಮ್ಮ ಲೆಕ್ಕದಲ್ಲಿ ಪ್ರತಿ ಬದಿಗೆ ಸುಮಾರು 135 ಕೆಜಿಯ ಒತ್ತಡ, ಕ್ಲಚ್ ಬಿಟ್ಟ ಏಟಿಗೆ ಅದಕ್ಕಿಂತ ಬಹಳ ಹೆಚ್ಚು. ಸರಳು ಬಂದ ಮೇಲೆ ಪಿನಿಯನ್ ಕೋನವನ್ನು ಎರಡೂವರೆ ಡಿಗ್ರಿಗೆ ಇಳಿಸಿದೆವು. ಸಮಯ 3.06.

ಬಲಗಡೆಯ ಒಂಟಿ ಗೆರೆ

ಕುಣಿತ ನಿಂತ ಮೇಲೆ ನೆಲದ ಮೇಲೆ ಬೇರೆಯದೇ ಒಂದು ಸಾಕ್ಷಿ ಕಾಣಿಸಿತು. ಕಪ್ಪು ಗೆರೆ ಬಲಚಕ್ರದ್ದು ಮಾತ್ರ; ಎಡಗಡೆ ನೆಲ ಸ್ವಚ್ಛ. ಮೊದಲು ಕುಣಿತದ ಗಲಾಟೆಯಲ್ಲಿ ಇದು ಮುಚ್ಚಿಹೋಗಿತ್ತು.

ಕಾರಣ ಪ್ರೊಪೆಲ್ಲರ್ ಶಾಫ್ಟ್. ಮುಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುವ ಎಂಜಿನ್ ಮೊದಲ ಗೇರಿನಲ್ಲಿ ಶಾಫ್ಟನ್ನು ತಿರುಚಿದಾಗ, ಆ ತಿರುಚು ಹೌಸಿಂಗಿನ ಎಡತುದಿಯನ್ನು ನೆಲಕ್ಕೆ ಒತ್ತಿ ಬಲತುದಿಯನ್ನು ಎತ್ತುತ್ತದೆ. ಶಾಫ್ಟ್‌ನಲ್ಲಿ 450 ನ್ಯೂಟನ್ ಮೀಟರ್ ತಿರುಚು, ಎಡಬಲ ಚಕ್ರಗಳ ನಡುವೆ 1.35 ಮೀಟರ್ ಅಂತರ ಎಂದಿಟ್ಟುಕೊಂಡರೆ, ಬಲಚಕ್ರ 34 ಕೆಜಿವರೆಗೆ ಹಗುರಾಗಬಹುದು, ಎಡಚಕ್ರ ಅಷ್ಟೇ ಭಾರವಾಗಬಹುದು. ಪೂರ್ತಿ ಅಷ್ಟಾಗುವುದಿಲ್ಲ, ಎದುರು ತಿರುಚಿನಿಂದ ಬಾಡಿ ಬಲಕ್ಕೆ ವಾಲಿ, ಬಲಗಡೆಯ ಹಿಂದಿನ ಸ್ಪ್ರಿಂಗನ್ನು ಒತ್ತಿ, ಸ್ವಲ್ಪ ಭಾರವನ್ನು ಮರಳಿ ಕೊಡುತ್ತದೆ. ನಷ್ಟವಾಗಿ ಉಳಿಯುವುದು ಮುಂದಿನ ಸ್ಪ್ರಿಂಗುಗಳು ತಡೆದುಕೊಂಡ ಪಾಲು. ಸಾದಾ ಡಿಫರೆನ್ಷಿಯಲ್ (ಎಡಬಲ ಚಕ್ರಗಳಿಗೆ ತಿರುಚು ಹಂಚುವ ಗೇರುಗಳ ಕಟ್ಟು) ಎರಡೂ ಚಕ್ರಕ್ಕೆ ಸಮನಾದ ತಿರುಚನ್ನೇ ಕೊಡುವುದರಿಂದ, ಹಗುರಾದ ಚಕ್ರ ಎಷ್ಟು ತಡೆಯಬಲ್ಲದೋ ಅದರ ಎರಡರಷ್ಟೇ ಇಡೀ ಗಾಡಿಗೆ ಸಿಗುವ ಎಳೆತ. ಎಡಚಕ್ರದ ಮೇಲಿನ ಹೆಚ್ಚುವರಿ ಭಾರ ಯಾರಿಗೂ ಉಪಯೋಗವಿಲ್ಲದ ಸಂಪತ್ತು. ಅಮೆರಿಕದ ಓಟಗಾರರಿಗಿಂತ ನಮಗೆ ಇಲ್ಲೊಂದು ಸಣ್ಣ ಅನುಕೂಲವಿದೆ: ಅವರ ಚಾಲಕ ಎಡಕ್ಕೆ ಕೂರುತ್ತಾನೆ, ನಮ್ಮವನು ಬಲಕ್ಕೆ. ಎಪ್ಪತ್ತು ಕೆಜಿಯ ಚಾಲಕನಿಂದ ಬಲ ಹಿಂದಿನ ಚಕ್ರಕ್ಕೆ ಒಂಬತ್ತು ಹತ್ತು ಕೆಜಿಯಾದರೂ ಪುಕ್ಕಟೆಯಾಗಿ ಸಿಗುತ್ತದೆ.

ಉಳಿದದ್ದನ್ನು ಎರಡು ದಾರಿಯಲ್ಲಿ ತುಂಬಿದೆವು. ಬಲಗಡೆಯ ಟ್ರ್ಯಾಕ್ಷನ್ ಬಾರಿನ ರಬ್ಬರ್ ಗುಂಡಿಗೂ ಸ್ಪ್ರಿಂಗ್ ಕಣ್ಣಿಗೂ ನಡುವಿನ ಸಂದನ್ನು ಮೂರು ಮಿಲಿಮೀಟರಿಗೆ ಇಳಿಸಿ ಎಡಗಡೆ ಹತ್ತಕ್ಕೆ ಬಿಟ್ಟೆವು. ಇದರಿಂದ ಬಲಗಡೆಯ ಸರಳು ಮೊದಲು ಒತ್ತಲು ಶುರುಮಾಡಿ, ಬಲ ಟೈರಿಗೆ ಮುಂಗಡವಾಗಿ ಭಾರ ಕೊಡುತ್ತದೆ. ಎರಡನೆಯದಾಗಿ, 16 ಕೆಜಿಯ ಬ್ಯಾಟರಿಯನ್ನು ಬಾನೆಟ್ಟಿನಡಿಯಿಂದ ತೆಗೆದು ಡಿಕ್ಕಿಯ ಬಲಮೂಲೆಗೆ, ಹೊರಗೆ ಗಾಳಿ ಹೋಗುವ ಕೊಳವೆಯಿರುವ ಪೆಟ್ಟಿಗೆಯೊಳಗೆ, ಟರ್ಮಿನಲ್ ಪಕ್ಕದಲ್ಲೇ ಫ್ಯೂಸ್ ಹಾಗೂ ಹೊರಗಿನಿಂದ ಎಟಕುವ ಕಟ್ ಆಫ್ ಸ್ವಿಚ್ ಸಮೇತ ಕೂರಿಸಿದೆವು. ಮತ್ತೆ ವೇಬ್ರಿಡ್ಜ್: ಮುಂದೆ 660, ಹಿಂದೆ 550. ಹದಿನಾರು ಕೆಜಿ ಸರಿಸಿದ್ದಕ್ಕೆ ಇಪ್ಪತ್ತು ಕೆಜಿ ಹೆಚ್ಚಳ ಏಕೆಂದರೆ ಬ್ಯಾಟರಿ ಈಗ ಹಿಂದಿನ ಆಕ್ಸಲಿಗಿಂತಲೂ ಹಿಂದಿದೆ, ಅಲ್ಲಿಂದ ಅದು ಮುಂಭಾಗವನ್ನು ತಕ್ಕಡಿಯಂತೆ ಎತ್ತುತ್ತದೆ.

ಆ ಭಾನುವಾರ ಐದು ಓಟಗಳ ಸರಾಸರಿ 2.99 ಬಂತು, ಹರಹು 2.96ರಿಂದ 3.03. ನೆಲದ ಮೇಲೆ ಎರಡು ಗೆರೆಗಳು, ಬಲಗಡೆಯದು ಇನ್ನೂ ಸ್ವಲ್ಪ ಗಾಢ. ಪ್ರತಿ ಬದಲಾವಣೆಯ ಫಲವನ್ನು ಕಾಗದದ ಮೇಲೆ ಬಿಡಿಬಿಡಿಯಾಗಿ ತೋರಿಸಿದ್ದೇನಾದರೂ, ಅವನ್ನೆಲ್ಲ ಅಷ್ಟು ಶುದ್ಧವಾಗಿ ನಂಬಬಾರದು: ಅಂಗಳದ ಧೂಳು ಗುಡಿಸುವುದನ್ನು ನಾವು ಮೂರನೆಯ ವಾರದಿಂದ ಮಾತ್ರ ಕಟ್ಟುನಿಟ್ಟಾಗಿ ಮಾಡಿದೆವು, ಬಿಸಿಲೇರಿದ ಮೇಲೆ ತೆಗೆದ ಸಮಯಗಳು ಬೆಳಗಿನವಕ್ಕಿಂತ ಬೇರೆಯಾಗಿದ್ದವು, ಮತ್ತು ಚಾಲಕನ ಕಾಲು ಪಳಗಿತು. ಆರಂಭದಲ್ಲಿ 3,500 ಆರ್‌ಪಿಎಂನಲ್ಲಿ ಕ್ಲಚ್ಚನ್ನು ಒಮ್ಮೆಲೇ ಬಿಡುತ್ತಿದ್ದವನು ಕೊನೆಗೆ 2,800ರಲ್ಲಿ, ಅರ್ಧ ಸೆಕೆಂಡ್ ಹಿಡಿದು ಬಿಡುವುದನ್ನು ಕಲಿತಿದ್ದ. ಹರಹು ಕುಗ್ಗಿದ್ದರಲ್ಲಿ ಅವನ ಪಾಲೂ ದೊಡ್ಡದೇ.

ಮುಂದಿನ ಸ್ಪರ್ಧೆಯಲ್ಲಿ 402 ಮೀಟರಿಗೆ 18.9 ಸೆಕೆಂಡ್ ಬಂತು. ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟದೆ ಅರ್ಧ ಸೆಕೆಂಡ್ ಉಳಿಯಿತು. ಹಿಂತಿರುಗಿದ ಮೇಲೆ ಗಾಡಿ ಎತ್ತಿ ನೋಡಿದಾಗ ಬಲಗಡೆಯ ಮುಂದಿನ ಸ್ಪ್ರಿಂಗ್ ಕಣ್ಣಿನ ಹೊಸ ಬುಷ್ ಆಗಲೇ ಒಂದು ಬದಿಗೆ ಜಜ್ಜಿಹೋಗಿತ್ತು, ಮತ್ತು ಅದು ಕೂರುವ ಹ್ಯಾಂಗರಿನ ಬೆಸುಗೆಯ ಅಂಚಿನಲ್ಲಿ, ಬಣ್ಣದ ದ್ರವ ಹಚ್ಚಿ ಒರೆಸಿದಾಗ ಮಾತ್ರ ಕಾಣುವಂಥ ಕೂದಲೆಳೆಯ ಬಿರುಕು ಇತ್ತು. ಅಂಬಾಸಡರಿಗೆ ಬೇರೆ ಚಾಸಿ ಇಲ್ಲ, ಆ ಹ್ಯಾಂಗರ್ ನಿಂತಿರುವುದು ಬಾಡಿಯ ತಗಡಿನ ಮೇಲೆಯೇ. ಬಿರುಕನ್ನು ಕೊರೆದು ಬೆಸೆದು, ಮೂರು ಮಿಲಿಮೀಟರ್ ದಪ್ಪದ ತಗಡನ್ನು ಹ್ಯಾಂಗರಿನಾಚೆಗೂ ಒಂದು ಗೇಣು ಚಾಚುವಂತೆ ಎರಡೂ ಬದಿಗೆ ಹಾಕಿಸಿದ್ದೇವೆ, ಬಲಗಡೆಯ ಸಂದನ್ನು ಮೂರರಿಂದ ಐದು ಮಿಲಿಮೀಟರಿಗೆ ಸಡಿಲಿಸಿದ್ದೇವೆ. ಇದರಿಂದ ನೂರರಲ್ಲಿ ಎರಡು ಮೂರು ಭಾಗ ಸೆಕೆಂಡ್ ಹೋದರೂ ಹೋಗಲಿ ಎಂದು ಮಾಲೀಕರು ಒಪ್ಪಿದ್ದಾರೆ. ಎರಡು ಓಟಕ್ಕೊಮ್ಮೆ ಆ ಬೆಸುಗೆಗೆ ಬಣ್ಣ ಹಚ್ಚಿ ನೋಡುವುದು ಈಗ ಗ್ಯಾರೇಜಿನ ಹುಡುಗನೊಬ್ಬನ ಜವಾಬ್ದಾರಿ.